ಪಾಪ ಕ್ಷಮೆಯಾದ ಮೇಲೂ ಉಳಿಯುವ ಬಾಕಿ

ಕಥೋಲಿಕರ ಪಾಪನಿವೇದನೆ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಸಿನಿಮಾದ ದೃಶ್ಯ. ಚರ್ಚಿನ ಮೂಲೆಯಲ್ಲೊಂದು ಮರದ ಗೂಡು. ನಡುವೆ ಜಾಲರಿ. ಆ ಕಡೆ ಫಾದರ್, ಈ ಕಡೆ ಮಂಡಿಯೂರಿದ ಒಬ್ಬ. ಸಾಮಾನ್ಯವಾಗಿ ಅವನು ಕೊಲೆಗಾರನೇ ಆಗಿರುತ್ತಾನೆ. ಪಿಸುದನಿಯಲ್ಲಿ ಎಲ್ಲ ಹೇಳಿ, ಎದ್ದು, ಹಗುರಾಗಿ ಹೊರಟುಹೋಗುತ್ತಾನೆ. ನೋಡಿದವರಿಗೆ ಅನುಮಾನ ಬಂದೇ ಬರುತ್ತದೆ. ಮಾಡೋದೆಲ್ಲ ಮಾಡಿ, ಹೋಗಿ ಒಬ್ಬರ ಕಿವಿಯಲ್ಲಿ ಹೇಳಿಬಿಟ್ಟರೆ ಮುಗೀತಾ? ಇದು ಪಾಪಕ್ಕೆ ಲೈಸೆನ್ಸ್ ಕೊಟ್ಟ ಹಾಗಲ್ವಾ?

ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚ್ ಎಂಬ ಸಂಸ್ಥೆಯ, ನಿಯಮಗಳನ್ನೇ ತೆಗೆದು ನೋಡಿದರೆ ಉತ್ತರ ಬೇರೆ. ಹೇಳಿದ ಮಾತ್ರಕ್ಕೆ ಮುಗಿಯುವುದಿಲ್ಲ. ಕ್ಷಮೆ ಸಿಕ್ಕ ಮೇಲೂ ಮುಗಿಯುವುದಿಲ್ಲ. ಯಾಕೆಂದರೆ ಇಲ್ಲಿ ಪ್ರತಿ ತಪ್ಪಿಗೂ ಎರಡು ಲೆಕ್ಕ ಇದೆ. ಒಂದು, ದೇವರ ಮುಂದೆ ಹೊತ್ತ ದೋಷ. ಇನ್ನೊಂದು, ಆ ತಪ್ಪು ಬೇರೆಯವರಿಗೂ ಮಾಡಿದವನ ಸ್ವಭಾವಕ್ಕೂ ಮಾಡಿಹೋದ ಹಾನಿ. ಮೊದಲನೆಯದನ್ನು ದೇವರು ಒಂದೇ ಸಲಕ್ಕೆ ಅಳಿಸಿಹಾಕುತ್ತಾನೆ. ಎರಡನೆಯದು ಹಾಗೇ ಉಳಿದಿರುತ್ತದೆ. ಅದನ್ನು ತೀರಿಸುವುದು ತಪ್ಪು ಮಾಡಿದವನ ಕೆಲಸ. ಈ ಎರಡು ಲೆಕ್ಕವನ್ನು ಬೇರೆ ಬೇರೆ ಇಟ್ಟುಕೊಂಡರೆ ಪ್ರಾಯಶ್ಚಿತ್ತ, ಸತ್ತ ಮೇಲಿನ ಶುದ್ಧೀಕರಣ ಸ್ಥಳ, 16ನೇ ಶತಮಾನದಲ್ಲಿ ಜರ್ಮನಿಯ ಸನ್ಯಾಸಿ ಲೂಥರ್ ಎಬ್ಬಿಸಿದ ಗಲಾಟೆ ಎಲ್ಲವೂ ತಕ್ಕಮಟ್ಟಿಗೆ ಅರ್ಥವಾಗುತ್ತವೆ.

ಯಾವುದನ್ನು ಹೇಳಲೇಬೇಕು?

ಎಲ್ಲ ಪಾಪವನ್ನೂ ಫಾದರ್ ಹತ್ತಿರ ಹೇಳಲೇಬೇಕೆಂಬ ಕಟ್ಟಳೆ ಇಲ್ಲ. ಇದು ಎಷ್ಟೋ ಕಥೋಲಿಕರಿಗೇ ಗೊತ್ತಿರುವುದಿಲ್ಲ. ಧರ್ಮಸಭೆ ಪಾಪವನ್ನು ಎರಡು ಬಗೆಯಾಗಿ ನೋಡುತ್ತದೆ: ಮಾರಕ ಪಾಪ, ಲಘು ಪಾಪ. ಮಾರಕ ಪಾಪ ದೇವರ ಜೊತೆಗಿನ ಸಂಬಂಧವನ್ನೇ ಕಡಿದುಹಾಕುತ್ತದೆ. ಲಘು ಪಾಪ ಅದನ್ನು ಸೊರಗಿಸುತ್ತದೆ, ಕಡಿಯುವುದಿಲ್ಲ.

ಒಂದು ಪಾಪ ಮಾರಕ ಅನ್ನಿಸಿಕೊಳ್ಳಲು ಮೂರು ಷರತ್ತು ಒಟ್ಟಿಗೆ ಸೇರಬೇಕು. ವಿಷಯ ಗಂಭೀರವಾಗಿರಬೇಕು. ಅದು ಗಂಭೀರ ಅಂತ ಮಾಡುವವನಿಗೆ ಗೊತ್ತಿರಬೇಕು. ಗೊತ್ತಿದ್ದೂ ಮನಸಾರೆ ಒಪ್ಪಿ ಮಾಡಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಆ ಮಟ್ಟದ ಪಾಪ ಅಲ್ಲ. ಹೆದರಿಕೆ, ಬಿಡಲಾಗದ ಚಟ, ಮನಸ್ಸಿನ ಕಾಯಿಲೆ, ಒತ್ತಾಯ ಇವೆಲ್ಲ ಹೊಣೆಯನ್ನು ಕಡಿಮೆ ಮಾಡುತ್ತವೆ. ಕೆಲವೊಮ್ಮೆ ಪೂರ್ತಿ ತೆಗೆದೂಹಾಕುತ್ತವೆ. ಹಾಗಾಗಿ ಪಕ್ಕದವನು ಮಾಡಿದ್ದು ಮಾರಕ ಪಾಪವೋ ಅಲ್ಲವೋ ಎಂದು ಹೊರಗೆ ನಿಂತು ತೀರ್ಪು ಕೊಡಲು ಬರುವುದಿಲ್ಲ. ಕೆಲಸ ಕಾಣುತ್ತದೆ, ಒಳಗಿನ ಒಪ್ಪಿಗೆ ಕಾಣುವುದಿಲ್ಲ.

ಹೇಳಲೇಬೇಕಾದದ್ದು ಮಾರಕ ಪಾಪ ಮಾತ್ರ. ಅದೂ ಬಗೆ ಮತ್ತು ಎಣಿಕೆ ಸಮೇತ. 'ನಾನು ಕೆಟ್ಟವನು' ಅಂದರೆ ಸಾಲದು. 'ಸುಳ್ಳು ಸಾಕ್ಷಿ ಹೇಳಿದೆ, ಎರಡು ಸಲ' ಅನ್ನಬೇಕು. ಸರಿಯಾಗಿ ನೆನಪಿಲ್ಲದಿದ್ದರೆ 'ಸುಮಾರು ಇಷ್ಟು' ಅಂದರೂ ಆಯಿತು. ಕತೆ ಬೇಡ, ಇನ್ನೊಬ್ಬರ ಹೆಸರಂತೂ ಬೇಡವೇ ಬೇಡ. ಪ್ರಾಮಾಣಿಕವಾಗಿ ಮರೆತುಹೋದದ್ದು ಉಳಿದವುಗಳ ಜೊತೆಗೇ ಕ್ಷಮೆಯಾಗುತ್ತದೆ, ನೆನಪಾದಾಗ ಮುಂದಿನ ಸಲ ಹೇಳಿದರೆ ಸಾಕು. ಆದರೆ ಗಂಭೀರವಾದದ್ದನ್ನು ಬೇಕಂತಲೇ ಮುಚ್ಚಿಟ್ಟರೆ ಹೇಳಿದ ಉಳಿದದ್ದೂ ನಿಲ್ಲುವುದಿಲ್ಲ, ಇಡೀ ಪಾಪನಿವೇದನೆಯೇ ವ್ಯರ್ಥ. ಲಘು ಪಾಪಗಳು ಪ್ರಾರ್ಥನೆ, ದಾನಧರ್ಮ, ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕಾರದಿಂದಲೂ ಕ್ಷಮೆಯಾಗುತ್ತವೆ. ಅವನ್ನೂ ಹೇಳಿಕೊಳ್ಳುವುದು ಒಳ್ಳೆಯದು ಎಂಬ ಸಲಹೆ ಇದೆ, ಅಷ್ಟೆ.

ಗೂಡಿನ ಒಳಗೆ ನಡೆಯುವುದು

ಒಬ್ಬ ಕ್ಯಾಷಿಯರ್ ಇದ್ದಾನೆ ಅಂದುಕೊಳ್ಳಿ. ಒಂದು ವರ್ಷದಿಂದ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಸ್ವಲ್ಪ ಸ್ವಲ್ಪವೇ ಹಣ ತೆಗೆಯುತ್ತಾ ಬಂದಿದ್ದಾನೆ. ಲೆಕ್ಕದಲ್ಲಿ ಕೊರತೆ ಕಂಡಾಗ ಅನುಮಾನ ಜೊತೆಯ ಕೆಲಸಗಾರನ ಮೇಲೆ ಬಿತ್ತು. ಇವನು ಸುಮ್ಮನಿದ್ದ. ಅವನ ಕೆಲಸ ಹೋಯಿತು.

ಇವನು ಪಾಪನಿವೇದನೆಗೆ ಬರುವ ಮುಂಚೆಯೇ ಅರ್ಧ ಕೆಲಸ ಆಗಿರಬೇಕು. ಮೊದಲು ಅಂತಃಸಾಕ್ಷಿಯ ಪರೀಕ್ಷೆ. ಕೂತು ತನ್ನನ್ನು ತಾನು ತಪಾಸಣೆ ಮಾಡಿಕೊಳ್ಳುವುದು. ಆಮೇಲೆ ಪಶ್ಚಾತ್ತಾಪ. ಇದು ಇಡೀ ವಿಧಿಯ ಬೆನ್ನುಮೂಳೆ. ಜೊತೆಗೆ ಇನ್ನು ಮುಂದೆ ಮಾಡುವುದಿಲ್ಲ ಎಂಬ ನಿಜವಾದ ತೀರ್ಮಾನ. ನಾಳೆಯೂ ಗಲ್ಲಾಪೆಟ್ಟಿಗೆಗೆ ಕೈ ಹಾಕುವ ಯೋಚನೆ ಇಟ್ಟುಕೊಂಡೇ ಬಂದಿದ್ದರೆ ಫಾದರ್ ಏನು ಹೇಳಿದರೂ ಕ್ಷಮೆ ಅವನಿಗೆ ತಾಗುವುದಿಲ್ಲ. ಅದು ಫಾದರ್ ಅವರಿಗೆ ಗೊತ್ತಾದರೆ ಕ್ಷಮೆಯ ಮಾತು ಹೇಳದೆ ಕಳಿಸಬೇಕು. 'ವಾರವೆಲ್ಲ ಪಾಪ, ಭಾನುವಾರ ಕ್ಷಮೆ' ಎಂಬ ತಮಾಷೆ ಬಿದ್ದುಹೋಗುವುದು ಇಲ್ಲೇ. ಮತ್ತೆ ಜಾರುತ್ತೇನೇನೋ ಎಂಬ ಭಯ ಇರಬಹುದು, ಅದಕ್ಕೆ ಅಡ್ಡಿ ಇಲ್ಲ. ಮತ್ತೆ ಮಾಡುತ್ತೇನೆ ಎಂಬ ಯೋಜನೆ ಇರಬಾರದು.

ಪಶ್ಚಾತ್ತಾಪದಲ್ಲೂ ಎರಡು ದರ್ಜೆ. ದೇವರ ಪ್ರೀತಿಗೆ ದ್ರೋಹ ಮಾಡಿದೆನಲ್ಲ ಎಂಬ ನೋವಿನಿಂದ ಹುಟ್ಟಿದ್ದು ಪರಿಪೂರ್ಣ. ನರಕದ ಭಯದಿಂದಲೋ ಪಾಪದ ಮೇಲಿನ ಅಸಹ್ಯದಿಂದಲೋ ಹುಟ್ಟಿದ್ದು ಅಪೂರ್ಣ. ಪಾಪನಿವೇದನೆಗೆ ಅಪೂರ್ಣವಾದದ್ದೇ ಸಾಕು. ನನಗೆ ಈ ವ್ಯವಸ್ಥೆಯಲ್ಲಿ ತುಂಬಾ ಹಿಡಿಸುವುದು ಇದು. ಮನುಷ್ಯರ ಉದ್ದೇಶ ಯಾವಾಗಲೂ ಕಲಬೆರಕೆ ಅಂತ ಗೊತ್ತಿದ್ದವರು ಮಾಡಿದ ನಿಯಮ.

ಒಳಗೆ ಹೋದ ಮೇಲೆ ನಡೆಯುವುದು ಕೆಲವೇ ನಿಮಿಷದ ಮಾತು. ಶಿಲುಬೆಯ ಗುರುತು. 'ಫಾದರ್, ಆಶೀರ್ವದಿಸಿ, ನಾನು ಪಾಪ ಮಾಡಿದ್ದೇನೆ.' ಹಿಂದಿನ ಪಾಪನಿವೇದನೆ ಆಗಿ ಎಷ್ಟು ಕಾಲವಾಯಿತು ಅನ್ನುವುದು. ಆಮೇಲೆ ಪಾಪಗಳು. ನಮ್ಮ ಕ್ಯಾಷಿಯರ್ ಹಣ ಕದ್ದದ್ದನ್ನೂ ಹೇಳಬೇಕು, ನಿರಪರಾಧಿಯ ಮೇಲೆ ಅಪವಾದ ಬಂದಾಗ ಬಾಯಿ ಮುಚ್ಚಿಕೊಂಡದ್ದನ್ನೂ ಹೇಳಬೇಕು. ಫಾದರ್ ಏನಾದರೂ ಕೇಳಬಹುದು, ನಾಲ್ಕು ಮಾತು ಬುದ್ಧಿ ಹೇಳಬಹುದು. ಒಂದು ಪ್ರಾಯಶ್ಚಿತ್ತ ಕೊಡುತ್ತಾರೆ. ಅವನು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಾನೆ. ಕೊನೆಗೆ ಫಾದರ್ ಕೈ ಚಾಚಿ ಕ್ಷಮೆಯ ಮಾತು ನುಡಿಯುತ್ತಾರೆ. ಅದರ ತಿರುಳು ಇಷ್ಟು: ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನಾನು ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ.

ಆ ಕ್ಷಣಕ್ಕೆ ಮೊದಲ ಲೆಕ್ಕ ಚುಕ್ತಾ. ದೋಷ ಹೋಯಿತು, ದೇವರ ಜೊತೆ ರಾಜಿಯಾಯಿತು.

ಈಗ ಎರಡನೆಯ ಲೆಕ್ಕ. ಕದ್ದ ಹಣ ಇನ್ನೂ ಇವನ ಹತ್ತಿರವೇ ಇದೆ. ಅದನ್ನು ವಾಪಸ್ ಕೊಡಲೇಬೇಕು. ಕೊಡುವ ಮನಸ್ಸಿಲ್ಲ ಎಂದರೆ ಪಶ್ಚಾತ್ತಾಪವೇ ಸುಳ್ಳು ಎಂದಾಯಿತು. ಹೇಗೆ ಕೊಡುವುದು ಎಂಬುದರಲ್ಲಿ ಧರ್ಮಸಭೆಯ ನೀತಿಶಾಸ್ತ್ರ ಬಹಳ ವ್ಯವಹಾರ ಬಲ್ಲದ್ದು. ಹೆಸರು ಹೇಳದೆ ಕೊಡಬಹುದು. ಒಂದೇ ಸಲಕ್ಕೆ ಆಗದಿದ್ದರೆ ಕಂತಿನಲ್ಲಿ ಕೊಡಬಹುದು. ಯಜಮಾನ ಸತ್ತುಹೋಗಿದ್ದರೆ ಅವನ ವಾರಸುದಾರರಿಗೆ. ಯಾರದೆಂದು ಪತ್ತೆಯೇ ಆಗದಿದ್ದರೆ ಬಡವರಿಗೆ. ನಿಜಕ್ಕೂ ಗತಿಯಿಲ್ಲದವನಿಗೆ ಗತಿ ಬರುವವರೆಗೆ ಮಾಫಿ. ಕೆಲಸ ಕಳೆದುಕೊಂಡವನ ಮರ್ಯಾದೆಯ ವಿಷಯ ಇನ್ನೂ ಕಷ್ಟ. ಹೋದ ಹೆಸರನ್ನು ಮರಳಿ ತರಲು ಕೈಲಾದದ್ದನ್ನೆಲ್ಲ ಮಾಡುವುದೂ ಸಾಲ ತೀರಿಸಿದಷ್ಟೇ ಕಡ್ಡಾಯ. ಹಣ ವಾಪಸ್ ಕೊಡುವುದು ಇದರ ಮುಂದೆ ಸಲೀಸು.

ಲೂಕನ ಶುಭಸಂದೇಶದ ಜಕ್ಕಾಯನ ಕತೆಯ ದಾರಿಯೂ ಇದೇ. ಯೇಸು ತನ್ನ ಮನೆಗೆ ಬಂದಾಗ ಆ ಸುಂಕದವನು ಕ್ಷಮೆ ಕೇಳುತ್ತಾ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ ಎಂದ.

ಹಾಗಾದರೆ ಫಾದರ್ ಕೊಡುವ ಪ್ರಾಯಶ್ಚಿತ್ತ ಯಾಕೆ? 'ಮೂರು ಸಲ ನಮೋ ಮರಿಯ ಪ್ರಾರ್ಥನೆ ಹೇಳು' ಎನ್ನುವುದು ಕದ್ದ ಹಣಕ್ಕೆ ಸಮ ಅಂತ ಯಾರೂ ಹೇಳುವುದಿಲ್ಲ. ಪಾಪ ಮಾಡಿದವನೊಳಗೆ ಅದರ ಅಭ್ಯಾಸ, ರುಚಿ, ಜಾಡು ಉಳಿದಿರುತ್ತದೆ. ಪ್ರಾರ್ಥನೆ, ಉಪವಾಸ, ಸೇವೆ ಅದನ್ನು ಬಿಡಿಸುವ ಮೊದಲ ಹೆಜ್ಜೆ. ಈ ಬದುಕಿನಲ್ಲಿ ಬಿಡಿಸಿ ಮುಗಿಯದೆ ಉಳಿದದ್ದು ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ ತೊಳೆದುಹೋಗುತ್ತದೆ ಎಂಬುದು ನಂಬಿಕೆ. ಅಲ್ಲಿಗೆ ಹೋಗುವವರು ಆಗಲೇ ಕ್ಷಮೆ ಪಡೆದವರು, ಸ್ವರ್ಗಕ್ಕೆ ಹೋಗುವುದು ಖಚಿತವಾದವರು. ಅದನ್ನು ಸಣ್ಣ ನರಕ ಅಂದುಕೊಳ್ಳುವವರು ಜಾಸ್ತಿ, ಅದು ಸರಿಯಲ್ಲ.

ದೇವರಿಗೆ ಹೇಳಿದರೆ ಸಾಲದೆ?

ಕ್ಷಮಿಸುವವನು ದೇವರು. ಹಾಗಿದ್ದ ಮೇಲೆ ನಡುವೆ ಇನ್ನೊಬ್ಬ ಮನುಷ್ಯ ಯಾಕೆ? ಪ್ರೊಟೆಸ್ಟೆಂಟರು ಐದು ಶತಮಾನದಿಂದ ಕೇಳುತ್ತಿರುವ ಪ್ರಶ್ನೆ ಇದು.

ಕಥೋಲಿಕರ ಉತ್ತರ ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ. ಪುನರುತ್ಥಾನವಾದ ಸಂಜೆ ಯೇಸು ಬಾಗಿಲು ಹಾಕಿಕೊಂಡು ಕೂತ ಶಿಷ್ಯರ ನಡುವೆ ಬಂದು, ಅವರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವರಿಗೆ ಕ್ಷಮೆಯಾಗುತ್ತದೆ, ಯಾರದನ್ನು ಕ್ಷಮಿಸದೆ ಬಿಡುತ್ತೀರೋ ಅದು ಉಳಿಯುತ್ತದೆ ಎನ್ನುತ್ತಾನೆ. ಕ್ಷಮಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ವಿಷಯ ಗೊತ್ತಿರಬೇಕಲ್ಲ, ಗೊತ್ತಾಗಬೇಕಾದರೆ ಯಾರಾದರೂ ಹೇಳಬೇಕಲ್ಲ ಎಂಬುದು ವಾದ. ಆ ಅಧಿಕಾರ ಪ್ರೇಷಿತರಿಂದ (ಯೇಸುವಿನ ಆ ಶಿಷ್ಯರಿಂದ) ಧರ್ಮಾಧ್ಯಕ್ಷರಿಗೆ ಅಂದರೆ ಬಿಷಪ್‌ಗಳಿಗೆ, ಅವರಿಂದ ಗುರುಗಳಿಗೆ ಅಂದರೆ ಫಾದರ್‌ಗಳಿಗೆ ಬಂದಿದೆ ಎಂಬುದು ನಂಬಿಕೆ. ಫಾದರ್ 'ನಾನು ಕ್ಷಮಿಸುತ್ತೇನೆ' ಎನ್ನುವಾಗ ಆ 'ನಾನು' ಕ್ರಿಸ್ತ. ಹೇಳುವ ಗುರು ಸ್ವತಃ ಎಂಥವನೇ ಆಗಿರಲಿ, ಕ್ಷಮೆ ಕೆಡುವುದಿಲ್ಲ.

ಇನ್ನೊಂದು ಕಾರಣವೂ ಇದೆ, ನನಗೆ ಅದು ಹೆಚ್ಚು ತೂಕದ್ದು ಅನ್ನಿಸುತ್ತದೆ. ಪಾಪ ದೇವರಿಗೆ ಮಾತ್ರ ಮಾಡಿದ ಗಾಯವಲ್ಲ, ಇಡೀ ಸಮುದಾಯಕ್ಕೆ ಮಾಡಿದ ಗಾಯ ಎಂದು ಮೊದಲ ಕ್ರೈಸ್ತರು ನೋಡುತ್ತಿದ್ದರು. ಹಾಗಾಗಿ ಸಮುದಾಯದ ಪರವಾಗಿಯೂ ಯಾರಾದರೂ 'ಬಾ' ಅನ್ನಬೇಕು.

ಫಾದರ್‌ಗಳಿಗೆ ರಿಯಾಯಿತಿ ಇಲ್ಲ. ಅವರೂ ಇನ್ನೊಬ್ಬ ಗುರುವಿನ ಮುಂದೆ ಮಂಡಿಯೂರಬೇಕು. ತನ್ನ ಪಾಪವನ್ನು ತಾನೇ ಕ್ಷಮಿಸಿಕೊಳ್ಳಲು ಯಾರಿಗೂ ಬರುವುದಿಲ್ಲ, ಪೋಪರಿಗೂ ಬರುವುದಿಲ್ಲ. 2014ರ ಮಾರ್ಚ್ 28ರಂದು ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಮಹಾದೇವಾಲಯದಲ್ಲಿ ಜನರ ಪಾಪನಿವೇದನೆ ಕೇಳಲು ಹೊರಟವರು, ದಾರಿ ಬದಲಿಸಿ ಎದುರಿನ ಗೂಡಿನ ಬಳಿ ಹೋಗಿ, ಒಬ್ಬ ಸಾಮಾನ್ಯ ಗುರುವಿನ ಮುಂದೆ ಮಂಡಿಯೂರಿದರು. ಕ್ಯಾಮೆರಾಗಳೆಲ್ಲ ನೋಡುತ್ತಿದ್ದವು. ಇನ್ನೊಂದು ಕಠಿಣ ನಿಯಮವಿದೆ: ಲೈಂಗಿಕ ಪಾಪದಲ್ಲಿ ತನ್ನ ಜೊತೆ ಭಾಗಿಯಾದವರಿಗೆ ಆ ಗುರು ಕ್ಷಮೆ ಕೊಟ್ಟರೆ ಅದು ಅಸಿಂಧು. ಸಾವಿನ ಅಪಾಯದಲ್ಲಿದ್ದರೆ ಮಾತ್ರ ವಿನಾಯಿತಿ.

ಗುರು ಸಿಗದೇ ಹೋದರೆ? ಪರಿಪೂರ್ಣ ಪಶ್ಚಾತ್ತಾಪ ಇದ್ದು, ಅವಕಾಶ ಸಿಕ್ಕ ಕೂಡಲೇ ಪಾಪನಿವೇದನೆ ಮಾಡುವ ಸಂಕಲ್ಪ ಇದ್ದರೆ ದೇವರು ಆಗಲೇ ಕ್ಷಮಿಸುತ್ತಾನೆ. ದೇವರ ಕೈ ಕಟ್ಟಿಹಾಕಿಲ್ಲ.

ಗೂಡು ಬಂದದ್ದು ತೀರ ತಡವಾಗಿ

ಮೊದಲ ಶತಮಾನಗಳಲ್ಲಿ ಗೂಡೂ ಇರಲಿಲ್ಲ, ಪಿಸುಮಾತೂ ಇರಲಿಲ್ಲ. ದೀಕ್ಷಾಸ್ನಾನದಲ್ಲಿ ಹಿಂದಿನ ಪಾಪವೆಲ್ಲ ತೊಳೆದುಹೋಗುತ್ತಿತ್ತು. ಆಮೇಲೆ ಮತ್ತೆ ಕೊಲೆ, ವ್ಯಭಿಚಾರ, ವಿಗ್ರಹಾರಾಧನೆಯಂಥ ಪಾಪ ಮಾಡಿದರೆ? ಕ್ಷಮೆ ಇದೆಯೇ ಇಲ್ಲವೇ ಎಂಬುದೇ ಜಗಳವಾಗಿತ್ತು.

250ರಲ್ಲಿ ರೋಮಿನ ಚಕ್ರವರ್ತಿ ಡೆಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು ಎಂದು ಆಜ್ಞೆ ಮಾಡಿದ. ಅಂಥ ಪಪೈರಸ್ ಚೀಟಿಗಳು ಈಜಿಪ್ಟಿನಲ್ಲಿ ಇವತ್ತಿಗೂ ಸಿಕ್ಕಿವೆ. ಕೆಲವು ಕ್ರೈಸ್ತರು ಸತ್ತರು. ಹಲವರು ಹೆದರಿ ಬಲಿ ಕೊಟ್ಟರು. ಇನ್ನು ಕೆಲವರು ಲಂಚ ಕೊಟ್ಟು ಬರೀ ಚೀಟಿ ಮಾಡಿಸಿಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ವಾಪಸ್ ಬಂದು ಬಾಗಿಲು ತಟ್ಟಿದರು. ಸೇರಿಸಿಕೊಳ್ಳಲೇಬಾರದು ಎಂದು ರೋಮಿನಲ್ಲಿ ನೊವೇಷಿಯನ್ ಪಟ್ಟು ಹಿಡಿದ. ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್, ದೀರ್ಘ ಪ್ರಾಯಶ್ಚಿತ್ತದ ನಂತರ ಸೇರಿಸಿಕೊಳ್ಳಬಹುದು ಎಂದ. ಗೆದ್ದದ್ದು ಎರಡನೆಯ ದಾರಿ.

ಆದರೆ ಆ ಪ್ರಾಯಶ್ಚಿತ್ತ ಸಾಮಾನ್ಯದ್ದಲ್ಲ. ಪಾಪಿಗಳ ಸಾಲಿಗೆ ಹೆಸರು ಕೊಟ್ಟು, ಎಲ್ಲರ ಕಣ್ಣೆದುರು, ವರ್ಷಗಟ್ಟಲೆ ಪರಮಪ್ರಸಾದವಿಲ್ಲದೆ ಇರಬೇಕು. ಜೀವಮಾನದಲ್ಲಿ ಒಂದೇ ಅವಕಾಶ. ದೊರೆಗಳಿಗೂ ಅದೇ ಸಾಲು. 390ರಲ್ಲಿ ಥೆಸಲೋನಿಕದಲ್ಲಿ ಜನ ದಂಗೆಯೆದ್ದು ಸೇನಾಧಿಕಾರಿಯನ್ನು ಕೊಂದಾಗ, ಚಕ್ರವರ್ತಿ ಥಿಯೋಡೋಸಿಯಸ್ ಸೈನಿಕರನ್ನು ನುಗ್ಗಿಸಿ ಸಾವಿರಾರು ಜನರ ಕೊಲೆ ಮಾಡಿಸಿದ. ಮಿಲಾನಿನ ಧರ್ಮಾಧ್ಯಕ್ಷ ಆಂಬ್ರೋಸ್, ನೀನಿರುವಾಗ ನಾನು ಬಲಿಪೂಜೆ ಅರ್ಪಿಸಲಾರೆ ಎಂದು ಪತ್ರ ಬರೆದರು. ಚಕ್ರವರ್ತಿ ರಾಜವೇಷ ಕಳಚಿಟ್ಟು ಚರ್ಚಿನಲ್ಲಿ ಎಲ್ಲರೆದುರು ಅತ್ತ.

ಒಂದೇ ಅವಕಾಶ ಅಂದಾಗ ಜನ ಏನು ಮಾಡುತ್ತಾರೆ? ಸಾಯುವವರೆಗೆ ಮುಂದೂಡುತ್ತಾರೆ. ಪದ್ಧತಿ ಅಷ್ಟು ಕಠಿಣವಾಗಿದ್ದದ್ದರಿಂದಲೇ ಬಳಕೆ ತಪ್ಪಿತು.

ದಾರಿ ತೋರಿಸಿದ್ದು ಐರ್ಲೆಂಡಿನ ಸನ್ಯಾಸಿಗಳು. ಆರನೇ ಶತಮಾನದಿಂದ ಅವರಲ್ಲಿ ಬೇರೆಯೇ ರೂಢಿ ಬೆಳೆದಿತ್ತು: ಗುಟ್ಟಾಗಿ ಹೇಳುವುದು, ಗುಟ್ಟಾಗಿ ಪ್ರಾಯಶ್ಚಿತ್ತ ಮಾಡುವುದು, ಎಷ್ಟು ಸಲ ಬಿದ್ದರೂ ಮತ್ತೆ ಬರುವುದು. ಕೊಲುಂಬಾನಸ್ ಮುಂತಾದವರು ಇದನ್ನು ಯುರೋಪಿಗೆ ತಂದರು. ಅಲ್ಲಿನ ಹಿರಿಯರಿಗೆ ಇದು ಅಸಹ್ಯ ಅನ್ನಿಸಿತು. ಬೇಕೆಂದಾಗಲೆಲ್ಲ ಬಂದು ಕ್ಷಮೆ ಕೇಳುವುದನ್ನು 589ರಲ್ಲಿ ಸ್ಪೇನಿನ ಟೊಲೆಡೊದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಖಂಡಿಸಿತು. ಇವತ್ತಿನ ಕಥೋಲಿಕರು ಮಾಡುವುದು ಆಗ ಖಂಡನೆಗೆ ಗುರಿಯಾದದ್ದನ್ನೇ!

ಈ ಸನ್ಯಾಸಿಗಳ ಬಳಿ ಯಾವ ಪಾಪಕ್ಕೆ ಎಷ್ಟು ಪ್ರಾಯಶ್ಚಿತ್ತ ಎಂಬ ಕೈಪಿಡಿಗಳಿದ್ದವು. ಇಷ್ಟು ದಿನ ರೊಟ್ಟಿ ನೀರು, ಇಷ್ಟು ವರ್ಷ ಉಪವಾಸ ಎಂದು ದರಪಟ್ಟಿಯ ಹಾಗೆ ಕಾಣುತ್ತವೆ. ಓದಿದರೆ ನಗುವೂ ಬರುತ್ತದೆ. ಆದರೆ ಫಿನಿಯನ್ ಹೆಸರಿನ ಕೈಪಿಡಿಯಲ್ಲಿ ಒಂದು ಕಡೆ ನಗು ನಿಲ್ಲುತ್ತದೆ. ಗುರುವೊಬ್ಬ ಕೊಲೆ ಮಾಡಿದರೆ 10 ವರ್ಷ ಊರು ಬಿಡಬೇಕು. ತಿರುಗಿ ಬಂದ ಮೇಲೆ, ಸತ್ತವನ ತಂದೆತಾಯಿ ಬದುಕಿದ್ದರೆ ಅವರ ಬಳಿ ಹೋಗಿ, ನಿಮ್ಮ ಮಗನ ಬದಲು ನಾನಿದ್ದೇನೆ, ಹೇಳಿದ್ದನ್ನು ಮಾಡುತ್ತೇನೆ ಎನ್ನಬೇಕು. ಎರಡನೆಯ ಲೆಕ್ಕ ಎಂದರೆ ಏನೆಂದು ಇದಕ್ಕಿಂತ ಖಡಕ್ಕಾಗಿ ಬರೆದದ್ದನ್ನು ನಾನು ಓದಿಲ್ಲ.

1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು ಎಂದು ಎಲ್ಲರಿಗೂ ಕಡ್ಡಾಯ ಮಾಡಿತು. ಗೂಡು ಬಂದದ್ದು ಅದಾದ ಮೂರೂವರೆ ಶತಮಾನದ ಮೇಲೆ. ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ 16ನೇ ಶತಮಾನದಲ್ಲಿ ಅದನ್ನು ತನ್ನ ಚರ್ಚುಗಳಲ್ಲಿ ಹಾಕಿಸಿದರು. ನಡುವೆ ಜಾಲರಿ ಬೇಕು ಎಂದದ್ದು ಮುಖ್ಯವಾಗಿ ಹೆಂಗಸರ ಪಾಪನಿವೇದನೆ ಕೇಳುವ ಗುರುಗಳ ಮೇಲೆ ಅಪವಾದ ಬರಬಾರದು, ಅಪವಾದಕ್ಕೆ ಎಡೆಯೂ ಇರಬಾರದು ಎಂದು. ಪೂರ್ವದೇಶದ ಕ್ರೈಸ್ತ ಪರಂಪರೆಗಳಲ್ಲಿ ಈ ಗೂಡು ಮೊದಲಿನಿಂದಲೂ ಇರಲಿಲ್ಲ, ಅಲ್ಲಿ ಪವಿತ್ರ ಚಿತ್ರದ ಮುಂದೆ ನಿಂತು ಹೇಳುವುದು ವಾಡಿಕೆ. 1973ರಲ್ಲಿ ಹೊಸ ವಿಧಿ ಬಂದ ಮೇಲೆ ಕಥೋಲಿಕರೂ ಎದುರುಬದುರು ಕೂತು ಹೇಳಬಹುದು.

ಹಣಕ್ಕೆ ಸಿಗುತ್ತಿದ್ದ ಪತ್ರ

ಶಾಲೆಯ ಇತಿಹಾಸ ಪಾಠದಲ್ಲಿ ಪಾಪ ಕ್ಷಮಾಪಣಾ ಪತ್ರಗಳ ಬಗ್ಗೆ ಓದಿರುತ್ತೀರಿ. ಹಣ ಕೊಟ್ಟರೆ ಪೋಪ್ ಪಾಪ ಕ್ಷಮಿಸುತ್ತಿದ್ದರು, ಲೂಥರ್ ಪ್ರತಿಭಟಿಸಿದ ಎಂದು. ಸ್ವಲ್ಪ ಬಿಡಿಸಿ ನೋಡಬೇಕು. ಆ ಪತ್ರ ಕೊಡುತ್ತಿದ್ದ ರಿಯಾಯಿತಿಗೆ ಇಂಡಲ್ಜೆನ್ಸ್ ಎಂದು ಹೆಸರು. ಅದಕ್ಕೂ ಪಾಪದ ಕ್ಷಮೆಗೂ ನಿಯಮದ ಪ್ರಕಾರ ಸಂಬಂಧವೇ ಇರಲಿಲ್ಲ. ಅದು ಎರಡನೆಯ ಲೆಕ್ಕಕ್ಕೆ ಸೇರಿದ್ದು. ಕ್ಷಮೆಯಾದ ಪಾಪದ ಮೇಲೆ ಇನ್ನೂ ಉಳಿದ ಶಿಕ್ಷೆಯ ಬಾಕಿಯನ್ನು, ಕ್ರಿಸ್ತ ಮತ್ತು ಸಂತರ ಪುಣ್ಯದ ಬಲದಿಂದ ಧರ್ಮಸಭೆ ಕಡಿಮೆ ಮಾಡಬಹುದು ಎಂಬುದು ತತ್ವ. ಅದಕ್ಕೆ ಪ್ರತಿಯಾಗಿ ಪ್ರಾರ್ಥನೆ, ಯಾತ್ರೆ, ದಾನ ಮಾಡಬೇಕು.

ಕೆಟ್ಟದ್ದು ಆ ದಾನದಲ್ಲಿ. ರೋಮಿನಲ್ಲಿ ಸಂತ ಪೇತ್ರರ ಮಹಾದೇವಾಲಯ ಕಟ್ಟಲು ಹಣ ಬೇಕಿತ್ತು. ಮೈಂಜಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್‌ಗೆ ಪದವಿಗಾಗಿ ಮಾಡಿದ ಸಾಲ ತೀರಿಸಬೇಕಿತ್ತು. ಜರ್ಮನಿಯಲ್ಲಿ ಟೆಟ್ಸೆಲ್ ಎಂಬ ಸನ್ಯಾಸಿ ಊರೂರು ಸುತ್ತಿ ಇದನ್ನು ಪ್ರಚಾರ ಮಾಡಿದ. ಸತ್ತವರನ್ನೂ ಇದರಿಂದ ಬಿಡಿಸಬಹುದು ಅಂದಾಗ ಬಡವರು ಕಾಸು ಕೂಡಿಸಿ ತಂದುಕೊಟ್ಟರು. 1517ರಲ್ಲಿ ಲೂಥರ್ 95 ವಾದಗಳನ್ನು ಬರೆದ. ಕೇಳಲು ಬಂದ ಜನ ಎರಡು ಲೆಕ್ಕದ ಸೂಕ್ಷ್ಮ ಹಿಡಿದುಕೊಂಡು ಕೂರುತ್ತಾರೆಯೇ? ಅವರಿಗೆ ಕೇಳಿಸಿದ್ದು 'ದುಡ್ಡು ಕೊಡು, ಪಾಪ ಹೋಯಿತು' ಎಂದೇ. ಹಾಗೆ ಕೇಳಿಸಲಿ ಅಂತಲೇ ಮಾತಾಡಿದವರೂ ಇದ್ದರು. ಇಲ್ಲಿ ತಪ್ಪು ಕೇಳಿದವರದ್ದಲ್ಲ. ಹಣ ಕೇಳುವ ಎಲ್ಲ ಇಂಡಲ್ಜೆನ್ಸ್‌ಗಳನ್ನು 1567ರಲ್ಲಿ ಐದನೇ ಪಿಯುಸ್ ರದ್ದು ಮಾಡಿದರು. ಲೂಥರ್ ದನಿಯೆತ್ತಿ ಆಗಲೇ 50 ವರ್ಷ. ಇಂಡಲ್ಜೆನ್ಸ್ ಈಗಲೂ ಇದೆ, ಧರ್ಮಸಭೆ ವಿಶೇಷ ಪುಣ್ಯವರ್ಷವಾಗಿ ಆಚರಿಸಿದ 2025ರ ಜುಬಿಲಿಯಲ್ಲೂ ಇತ್ತು. ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಅದರ ಷರತ್ತು. ಹಣ ಇಲ್ಲ.

ಬಾಯಿಗೆ ಹಾಕಿದ ಮುದ್ರೆ

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ. ಪೊಲೀಸರಿಗಿಲ್ಲ, ಕೋರ್ಟಿಗಿಲ್ಲ, ತನ್ನ ಧರ್ಮಾಧ್ಯಕ್ಷರಿಗಿಲ್ಲ. ಹೇಳಿದವನೇ ಹೊರಗೆ ಸಿಕ್ಕಿದರೂ ಅವನಾಗಿ ಒಪ್ಪದೆ ಆ ಮಾತು ಎತ್ತುವಂತಿಲ್ಲ. ಆ ತಿಳಿವಳಿಕೆಯನ್ನು ಬಳಸುವಂತೆಯೂ ಇಲ್ಲ. ಚರ್ಚಿನ ಲೆಕ್ಕ ಬರೆಯುವವನು ಕಳ್ಳ ಎಂದು ಪಾಪನಿವೇದನೆಯಲ್ಲಿ ಮಾತ್ರ ಗೊತ್ತಾಗಿದ್ದರೆ, ಅದೇ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆಯಲು ಬರುವುದಿಲ್ಲ. ನೇರವಾಗಿ ಗುಟ್ಟು ಒಡೆದ ಗುರುವಿಗೆ ತಾನಾಗಿಯೇ ಬಹಿಷ್ಕಾರ ಬೀಳುತ್ತದೆ. 1215ರ ಕಟ್ಟಳೆಯಲ್ಲಂತೂ ಪದವಿ ಕಿತ್ತುಕೊಂಡು ಜೀವಮಾನವಿಡೀ ಮಠದಲ್ಲಿ ಕೂಡಿಹಾಕಿ ಎಂದಿತ್ತು.

1813ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಮೊಕದ್ದಮೆ ಈ ಮುದ್ರೆಯನ್ನೂ ಎರಡನೆಯ ಲೆಕ್ಕವನ್ನೂ ಒಟ್ಟಿಗೆ ತೋರಿಸುತ್ತದೆ. ಒಬ್ಬನ ಮನೆಯಲ್ಲಿ ಕಳ್ಳತನವಾಯಿತು. ಸ್ವಲ್ಪ ದಿನದ ಮೇಲೆ ಕಳುವಾದ ಮಾಲು ಯೇಸು ಸಭೆ (ಜೆಸ್ವಿಟ್) ಎಂಬ ಸನ್ಯಾಸಿ ಸಂಘದ ಗುರು ಆಂಟನಿ ಕೋಲ್ಮನ್ ಅವರ ಕೈಯಿಂದ ವಾಪಸ್ ಬಂತು. ಪಾಪನಿವೇದನೆಗೆ ಬಂದವರು ತಂದುಕೊಟ್ಟಿದ್ದರು, ಕೊಡಲೇಬೇಕಲ್ಲ. ಕೊಟ್ಟವರು ಯಾರು ಎಂದು ಕೋರ್ಟು ಕೇಳಿತು. ಕೋಲ್ಮನ್ ಬಾಯಿ ಬಿಡಲಿಲ್ಲ. ಜೈಲಿಗೆ ಹಾಕಿದರೂ ಹೇಳಲಾರೆ ಎಂದರು. ನಗರದ ಮೇಯರ್ ಡಿವಿಟ್ ಕ್ಲಿಂಟನ್ ಅಧ್ಯಕ್ಷತೆಯ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. 1828ರಲ್ಲಿ ಆ ರಕ್ಷಣೆ ನ್ಯೂಯಾರ್ಕಿನ ಕಾನೂನೇ ಆಯಿತು. ಗುಟ್ಟು ನಿಲ್ಲುತ್ತದೆಂಬ ನಂಬಿಕೆ ಇಲ್ಲದಿದ್ದರೆ ಆ ಮಾಲು ವಾಪಸ್ ಬರುತ್ತಿತ್ತೇ?

ಈ ಮುದ್ರೆಗೆ ಸಂತರೂ ಇದ್ದಾರೆ. 1393ರಲ್ಲಿ ಪ್ರಾಗಿನಲ್ಲಿ ನದಿಗೆ ತಳ್ಳಿ ಕೊಂದ ಯೊವಾನ್ನ ನೆಪೊಮುಕ್ ಅವರು, ರಾಣಿಯ ಪಾಪನಿವೇದನೆಯನ್ನು ರಾಜನಿಗೆ ಹೇಳಲಿಲ್ಲವಾದ್ದರಿಂದ ಸತ್ತರು ಎಂಬುದು ಜನಪ್ರಿಯ ಕತೆ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ರಾಜನಿಗೂ ಆರ್ಚ್‌ಬಿಷಪ್‌ಗೂ ಒಂದು ಮಠದ ಪದವಿಯ ಬಗ್ಗೆ ಇದ್ದ ಜಗಳದಲ್ಲಿ ಅವರು ಬಲಿಯಾದರು ಎನ್ನುತ್ತಾರೆ.

ಕಳ್ಳತನದ ಮಟ್ಟಿಗೆ ಮುದ್ರೆಯನ್ನು ಒಪ್ಪುವುದು ಸುಲಭ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಎಂದಾಗ ಕಷ್ಟ. ಇಂಥ ದೌರ್ಜನ್ಯಗಳ ತನಿಖೆ ಮಾಡಿದ ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2017ರಲ್ಲಿ, ಇಂಥ ವಿಷಯ ಪಾಪನಿವೇದನೆಯಲ್ಲಿ ಕೇಳಿದರೂ ಗುರುಗಳು ದೂರು ಕೊಡಲೇಬೇಕು ಎಂದು ಶಿಫಾರಸು ಮಾಡಿತು. ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್ ಮುಂತಾದ ರಾಜ್ಯಗಳು ಕಾನೂನು ಮಾಡಿದವು. ಧರ್ಮಾಧ್ಯಕ್ಷರು ಒಪ್ಪಲಿಲ್ಲ. 2019ರಲ್ಲಿ, ಪಾಪಕ್ಷಮೆಯ ವಿಷಯಗಳನ್ನು ನೋಡಿಕೊಳ್ಳುವ ವ್ಯಾಟಿಕನ್ನಿನ ಕಚೇರಿಯಾದ ಅಪೋಸ್ತಲಿಕ್ ಪೆನಿಟೆನ್ಷಿಯರಿ ತನ್ನ ನಿಲುವು ಹೇಳಿತು: ಪೊಲೀಸರಿಗೆ ಶರಣಾದರೆ ಮಾತ್ರ ಕ್ಷಮೆ ಎಂದು ಷರತ್ತು ಹಾಕುವಂತಿಲ್ಲ. ಆದರೆ ದೌರ್ಜನ್ಯಕ್ಕೆ ಒಳಗಾದವರೇ ಪಾಪನಿವೇದನೆಯಲ್ಲಿ ಹೇಳಿಕೊಂಡರೆ, ಅವರ ಹಕ್ಕುಗಳೇನು, ದೂರು ಕೊಡುವುದು ಹೇಗೆ ಎಂದು ಗುರು ತಿಳಿಸಬೇಕು.

ನನಗೆ ಇದು ಅರ್ಧ ಉತ್ತರ ಅನ್ನಿಸುತ್ತದೆ. ಗುಟ್ಟು ಉಳಿಯದು ಎಂದರೆ ಅಪರಾಧಿ ಬಂದು ಹೇಳುವುದೇ ಇಲ್ಲ, ಅವನನ್ನು ಒಪ್ಪಿಸುವ ಕೊನೆಯ ಅವಕಾಶವೂ ಹೋಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಪಾಪನಿವೇದನೆಯ ಹೊರಗೇ ಗೊತ್ತಿದ್ದ ಎಷ್ಟೋ ಪ್ರಕರಣಗಳನ್ನು ಮುಚ್ಚಿಹಾಕಿದ ಸಂಸ್ಥೆ ಈಗ 'ಇದೊಂದು ಗುಟ್ಟನ್ನಾದರೂ ನಂಬಿ' ಎಂದರೆ ನೊಂದವರು ನಂಬುವುದು ಹೇಗೆ? ಮಗುವಿಗಾದ ಹಾನಿಯೂ ಎರಡನೆಯ ಲೆಕ್ಕವೇ. ಅದನ್ನು ತೀರಿಸದೆ ಬಿಟ್ಟವರಲ್ಲಿ ಧರ್ಮಸಭೆಯೂ ಇದೆ.

ಅತಿಯಾದರೆ

ಲೆಕ್ಕ ಇಡುವ ವ್ಯವಸ್ಥೆಗೆ ಅದರದೇ ಕಾಯಿಲೆಯೂ ಇದೆ. ಕೆಲವರಿಗೆ ಎಷ್ಟು ಹೇಳಿದರೂ ಸಮಾಧಾನವಿಲ್ಲ. ಏನೋ ಬಿಟ್ಟೆ, ಸರಿಯಾಗಿ ಹೇಳಲಿಲ್ಲ, ಪಶ್ಚಾತ್ತಾಪ ಸಾಲಲಿಲ್ಲ ಎಂಬ ಗುಂಗು. ಸನ್ಯಾಸಿಯಾಗಿದ್ದಾಗ ಲೂಥರ್ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಕೇಳುವವರನ್ನು ಸುಸ್ತು ಮಾಡುತ್ತಿದ್ದ. ಮುಂದೆ ಯೇಸು ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೊಲಾ 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಇದೇ ಕೊರಗಿನಿಂದ ಆತ್ಮಹತ್ಯೆಯ ಅಂಚಿಗೆ ಹೋಗಿದ್ದ. ಯುರೋಪಿನ ಕ್ರೈಸ್ತರನ್ನು ಎರಡು ಪಾಳಯಕ್ಕೆ ಎಳೆದ ಇಬ್ಬರಿಗೂ ಒಂದೇ ನೋವು! ಇಗ್ನೇಷಿಯಸ್ ಕೊನೆಗೆ ಹಳೆಯ ಪಾಪಗಳನ್ನು ಇನ್ನು ಎತ್ತುವುದೇ ಇಲ್ಲ ಎಂದು ತೀರ್ಮಾನಿಸಿ ಬಿಡುಗಡೆ ಪಡೆದ. ಇಂಥವರಿಗೆ ಅನುಭವಿ ಗುರುಗಳು ಇವತ್ತೂ ಹೇಳುವುದು ಅದನ್ನೇ: ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬೇಡ.

ಕೊನೆಯದಾಗಿ ಫೋನಿನ ವಿಷಯ. ಫೋನು, ವಿಡಿಯೋ ಕಾಲ್, ಆ್ಯಪ್ ಮೂಲಕ ಪಾಪನಿವೇದನೆ ನಡೆಯುವುದಿಲ್ಲ. ಸಂಸ್ಕಾರಕ್ಕೆ ಇಬ್ಬರೂ ಒಂದೇ ಜಾಗದಲ್ಲಿರಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಆಸ್ಪತ್ರೆಗಳ ಒಳಗೆ ಯಾರನ್ನೂ ಬಿಡದೆ ಇದ್ದಾಗಲೂ ಈ ನಿಯಮ ಸಡಿಲವಾಗಲಿಲ್ಲ. ಬದಲಿಗೆ ಪೆನಿಟೆನ್ಷಿಯರಿ ಹಳೆಯ ಎರಡು ದಾರಿ ನೆನಪಿಸಿತು. ಒಂದು, ಪರಿಪೂರ್ಣ ಪಶ್ಚಾತ್ತಾಪ, ಅದಕ್ಕೆ ಗುರು ಬೇಕಿಲ್ಲ. ಇನ್ನೊಂದು, ಸಾಮೂಹಿಕ ಕ್ಷಮೆ: ಗುರು ವಾರ್ಡಿನ ಬಾಗಿಲಲ್ಲಿ ನಿಂತು, ಬೇಕಾದರೆ ಮೈಕ್ ಹಿಡಿದು, ಒಳಗಿರುವ ಎಲ್ಲ ರೋಗಿಗಳಿಗೂ ಒಟ್ಟಿಗೆ ಕ್ಷಮೆಯ ಮಾತು ಹೇಳಬಹುದು. ಯಾರೂ ಏನನ್ನೂ ಹೇಳಿಕೊಳ್ಳಬೇಕಿಲ್ಲ. ಆದರೆ ವಾಸಿಯಾಗಿ ಮನೆಗೆ ಹೋದವರು, ಆಗ ಕ್ಷಮೆಯಾದ ಗಂಭೀರ ಪಾಪಗಳನ್ನು ಆಮೇಲೆ ಒಬ್ಬೊಬ್ಬರಾಗಿ ಬಂದು ಹೇಳಲೇಬೇಕು.